ಬಿಸ್ವಾಸನ ಮನೆಯ ಲೆಕ್ಕ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ನಮ್ಮ ಗಾದೆಯಲ್ಲಿ ಒಂದು ನಂಬಿಕೆ ಅಡಗಿದೆ. ಎಷ್ಟೇ ಬವಣೆಯಾದರೂ ದುಡಿಯುವವನು ಎಂದಾದರೊಮ್ಮೆ ಮನೆಯನ್ನು ಕಟ್ಟಿಯೇ ತೀರುವನೆಂಬುದೇ ಆ ನಂಬಿಕೆ. ದುಡಿದೂ ಕಟ್ಟಲಾರದವನ ಮಾತು ಗಾದೆಯಲ್ಲಿಲ್ಲ. ವಿ. ಎಸ್. ನೈಪಾಲರು 1961ರಲ್ಲಿ ಪ್ರಕಟಿಸಿದ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಎಂಬ ಇಂಗ್ಲಿಷ್ ಕಾದಂಬರಿಯಲ್ಲಿ ಆ ಮಾತು ವಿಸ್ತಾರವಾಗಿ ಬಂದಿದೆ.

1845ರಿಂದ 1917ರ ವರೆಗೆ ಕಬ್ಬಿನ ತೋಟಗಳ ಕೂಲಿಗಾಗಿ ಕರಾರಿನ ಮೇಲೆ ಟ್ರಿನಿಡಾಡ್ ದ್ವೀಪಕ್ಕೆ ಸಾಗಿದ ಭಾರತೀಯರ ವಂಶದವನು ಈ ಮೋಹನ ಬಿಸ್ವಾಸ. ಬೋರ್ಡು ಬರೆಯುವುದು, ಅಂಗಡಿ, ತೋಟದ ಮೇಲ್ವಿಚಾರಣೆ, ಕಡೆಗೆ ಪತ್ರಿಕೆಯ ವರದಿಗಾರಿಕೆ, ಹೀಗೆ ಅವನ ಆಯುಷ್ಯವೆಲ್ಲ ದುಡಿಮೆಯಲ್ಲಿಯೇ ಸವೆಯುತ್ತದೆ. ಇದ್ದುದಾದರೋ ಬಹುಕಾಲ ಹೆಂಡತಿಯ ತೌರಿನವರ ಆಸರೆಯಲ್ಲಿ.

ವಿಮರ್ಶಕರು ಸಾಮಾನ್ಯವಾಗಿ ಈ ಕಾದಂಬರಿಯ ಮನೆಯನ್ನು ಸಂಕೇತವೆಂದು ಬಗೆದು, ಅದು ಬೇರುಕಿತ್ತ ಜನದ ಸ್ವತ್ವವೆಂದೂ ಸ್ವಾತಂತ್ರ್ಯದ ಹಂಬಲವೆಂದೂ ವ್ಯಾಖ್ಯಾನಿಸುತ್ತಾರೆ. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಂಕೇತಕ್ಕೆ ಬಡ್ಡಿಯಿಲ್ಲ; ಬಿಸ್ವಾಸನ ಮನೆಗೆ ಉಂಟು. ಗ್ರಂಥದ ಪೀಠಿಕೆಯೇ ಲೆಕ್ಕದ ಪುಸ್ತಕದಂತಿದೆ. ಕಥಾನಾಯಕನು ನಾಲ್ವತ್ತಾರನೆಯ ವಯಸ್ಸಿನಲ್ಲಿ ಸಾಯುವುದಕ್ಕೆ ಹತ್ತು ವಾರ ಮುಂಚೆ ಕೆಲಸ ಕಳೆದುಕೊಂಡನೆಂದು ಮೊದಲೇ ತಿಳಿಸಿ, ಮನೆಯ ಮೇಲೆ 3,000 ಡಾಲರ್ ಸಾಲ, ಶೇಕಡಾ 8ರಂತೆ ತಿಂಗಳಿಗೆ 20 ಡಾಲರ್ ಬಡ್ಡಿ, ನೆಲದ ಬಾಡಿಗೆ 10 ಡಾಲರ್ ಎಂದು ಗ್ರಂಥಕರ್ತರು ಬರೆದಿಡುತ್ತಾರೆ. ಈ ಕಡೆಯ ಬಾಬನ್ನು ವಾಚಕರು ಲಕ್ಷಿಸಬೇಕು. ಮನೆ ತನ್ನದಾದರೂ ಅದು ನಿಂತ ನೆಲ ಅವನದಲ್ಲ! ಭೂಮಿಯ ಮೇಲೆ ತನ್ನದೊಂದು ಪಾಲನ್ನು ಪಡೆದೇ ಸತ್ತನೆಂಬ ಸಮಾಧಾನದ ಮಾತು ಇದಾದ ಮೇಲೆ ಬರುತ್ತದೆ. ಆ ಸಮಾಧಾನವನ್ನು ಎತ್ತಿ ಹೇಳುವವರು ಈ ಹತ್ತು ಡಾಲರನ್ನು ಮರೆಯುವುದು ವಿಚಿತ್ರವಾಗಿದೆ.

ಗ್ರೀನ್ ವೇಲ್ ತೋಟದಲ್ಲಿ ಅವನು ಕಟ್ಟಹೊರಟ ಮನೆಯ ಪ್ರಕರಣ ಇಡೀ ಗ್ರಂಥದಲ್ಲಿ ಅತ್ಯಂತ ಶಕ್ತವಾದುದೆಂದು ನಮ್ಮ ಅಭಿಪ್ರಾಯ. ಹಣ ಒದಗಿದಷ್ಟು ಕೆಲಸ, ಮುಗಿದೊಡನೆ ನಿಲುಗಡೆ. ಮಾಡಿಗೆ ಹಳೆಯ ತಗಡು. ಅದರ ಮೊಳೆಗಂಡಿಗಳಿಗೆ ಮೆತ್ತಿದ ಡಾಂಬರು ಬಿಸಿಲಿಗೆ ಕರಗಿ ಕರಿಯ ಹಾವುಗಳಂತೆ ಕೆಳಕ್ಕೆ ಜೋಲುತ್ತದೆ. ಬಿಸ್ವಾಸನ ಬುದ್ಧಿಭ್ರಮಣೆಯನ್ನು ವರ್ಣಿಸಲು ಗ್ರಂಥಕರ್ತರು ಉಪಮೆಯನ್ನು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಅಗ್ಗದ ಸಾಮಾನೇ ಅದನ್ನು ಒದಗಿಸಿತು.

ಆದರೆ ಒಂದು ಆಕ್ಷೇಪವುಂಟು. ಪೋರ್ಟ್ ಆಫ್ ಸ್ಪೇನ್ ನಗರದ ಸಿಕ್ಕಿಂ ಬೀದಿಯ ಮನೆಯನ್ನು ಬಿಸ್ವಾಸನು 5,500 ಡಾಲರಿಗೆ ಕೊಳ್ಳುವಲ್ಲಿ ಹಾಸ್ಯವು ಅವನ ಬೆಪ್ಪುತನದ ಮೇಲೆಯೇ ಬೀಳುತ್ತದೆ. ಮಳೆಯ ಸಂಜೆಯಲ್ಲಿ ನೋಡಿದ್ದರಿಂದ ಮಧ್ಯಾಹ್ನದ ಬಿಸಿಲು ಒಳಗೆ ಸುಡುವುದು ತಿಳಿಯಲಿಲ್ಲ. ಹಿಂದಿನ ಮೆಟ್ಟಿಲುಗಳ ದುಃಸ್ಥಿತಿಯೂ ತಿಳಿಯಲಿಲ್ಲ. ಓದುವವನು ನಗುತ್ತಾನೆ. ಭಾವಮೈದುನನೊಡನೆ ಜಗಳವಾಗಿ, ಇದ್ದ ಮನೆಯನ್ನು ಬಿಡಬೇಕಾದವನಿಗೆ ಸಾವಧಾನವಾಗಿ ಹಗಲು ಹೊತ್ತಿನಲ್ಲಿ ಪರೀಕ್ಷಿಸುವ ಅವಕಾಶವೆಲ್ಲಿಂದ ಬರಬೇಕು? ಪಟ್ಟಣದ ಸ್ಥಿತಿಯಾದರೂ ಹೇಗಿತ್ತು? 1941ರಿಂದ ಅಮೆರಿಕದವರು ಆ ದ್ವೀಪದಲ್ಲಿ ಸೈನ್ಯದ ನೆಲೆಗಳನ್ನು ಕಟ್ಟತೊಡಗಲು, ಕೆಲಸವನ್ನರಸಿ ಜನವು ಪಟ್ಟಣಕ್ಕೆ ನೆರೆಯಿತು, ಮನೆಗಳು ಸಾಲದಾದವು. ಎಚ್ಚರವೆಂಬುದೂ ಹಣವುಳ್ಳವರಿಗೆ ದೊರೆಯುವ ಒಂದು ಸೌಕರ್ಯವೆಂಬುದನ್ನು ಗ್ರಂಥಕರ್ತರು ಬಲ್ಲರು, ಆದರೆ ನಗುವಿನ ಭರದಲ್ಲಿ ಅಲ್ಲಲ್ಲಿ ಮರೆಯುತ್ತಾರೆ. ಅವರ ತಂದೆ ಸೀಪರ್ಸಾದರೂ ವರದಿಗಾರರೇ. 1946ರಲ್ಲಿ ಅದೇ ಪಟ್ಟಣದ ನೇಪಾಲ್ ಬೀದಿಯಲ್ಲಿ ಮನೆ ಕೊಂಡು, 1953ರಲ್ಲಿ ತೀರಿಕೊಂಡರು. ಮಗನ ಹಾಸ್ಯದಲ್ಲಿ ಮರುಕವೂ ನಾಚಿಕೆಯೂ ಒಟ್ಟಿಗೆ ಕಾಣುವುದಕ್ಕೆ ಇದು ಕಾರಣವಾಗಿರಬಹುದು.

ಉಪಸಂಹಾರದಲ್ಲಿ ಈ ದೋಷವು ತಿದ್ದಿಕೊಂಡಿದೆ. ಅಲ್ಲಿ ನಗುವಿಲ್ಲ. ತಂದೆಗೆ ಎಂದೂ ದೊರೆಯದಿದ್ದಷ್ಟು ಸಂಬಳದ ಕೆಲಸವು ಮಗಳು ಸಾವಿಗೆ ದೊರೆಯುತ್ತದೆ. ಆದರೆ ತಂದೆಗೆ ಉಳಿದಿದ್ದ ದಿನಗಳು ಕೆಲವೇ. ಉತ್ತರಕ್ರಿಯೆಗೆ ಬಂದ ಬಂಧುಗಳು ತಂತಮ್ಮ ಮನೆಗಳಿಗೆ ಚದರಿದ ಮೇಲೆ ಶಾಮಾ ಮತ್ತು ಮಕ್ಕಳು ಬರಿದಾದ ಮನೆಗೆ ಹಿಂದಿರುಗುತ್ತಾರೆ.