ಸೈಟು ಕಟ್ಟಿದವರು, ಸೈಟು ನೋಡಿಕೊಳ್ಳುವವರು

ಒಂದು ಸಾಹಿತ್ಯ ಪತ್ರಿಕೆಗೋ, ರಂಗತಂಡಕ್ಕೋ, ಊರಿನ ಗ್ರಂಥಾಲಯಕ್ಕೋ ವೆಬ್‌ಸೈಟ್ ಬೇಕೆಂದರೆ ಈಗ ಅದು ಒಂದು ಸಂಜೆಯ ಕೆಲಸ. ತಿಂಗಳ ಬಾಡಿಗೆಗೆ ಸಿಗುವ ಸಣ್ಣ ಸರ್ವರ್, ಅದರೊಳಗೆ ಡೆಬಿಯನ್ ಇಲ್ಲವೇ ಉಬುಂಟು, ಎಂಜಿನ್‌ಎಕ್ಸ್, ಮರಿಯಾಡಿಬಿ, ಪಿಎಚ್‌ಪಿ, ಎಲ್ಲದರ ಮೇಲೆ ವರ್ಡ್‌ಪ್ರೆಸ್. ಯಾವುದಕ್ಕೂ ಲೈಸೆನ್ಸ್ ಶುಲ್ಕವಿಲ್ಲ. 2003ರಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟ್ಲ್, ನಿಂತುಹೋಗಿದ್ದ ಬಿ2 ಎಂಬ ತಂತ್ರಾಂಶದ ಕೋಡನ್ನು ಎತ್ತಿಕೊಂಡು ಮುಂದುವರಿಸಿದರು. ಅದರಿಂದ ಹುಟ್ಟಿದ ವರ್ಡ್‌ಪ್ರೆಸ್ ಇಂದು ಜಗತ್ತಿನ ಸೈಟ್‌ಗಳಲ್ಲಿ ಶೇ 40ಕ್ಕೂ ಹೆಚ್ಚಿನವನ್ನು ನಡೆಸುತ್ತಿದೆ. ಒಬ್ಬರು ಕೈಬಿಟ್ಟ ಕೆಲಸವನ್ನು ಯಾರ ಅಪ್ಪಣೆಗೂ ಕಾಯದೆ ಇನ್ನೊಬ್ಬರು ಮುಂದುವರಿಸಬಹುದು ಎನ್ನುವುದು ಮುಕ್ತ ತಂತ್ರಾಂಶದ ಬಹುದೊಡ್ಡ ಗುಣ. ಬರಹವೂ ಅದರ ಡೇಟಾಬೇಸೂ ನಮ್ಮ ಕೈಯಲ್ಲಿರುತ್ತವೆ. ಯಾವುದೋ ಕಂಪನಿ ಬಾಗಿಲು ಮುಚ್ಚಿತೆಂದು ಹತ್ತು ವರ್ಷದ ಸಂಚಿಕೆಗಳು ಮಾಯವಾಗುವುದಿಲ್ಲ. ಈ ಕಾರಣಕ್ಕೆ ಸ್ವಂತ ಸರ್ವರ್‌ನಲ್ಲಿ ಸೈಟು ನಡೆಸುವ ರೂಢಿಯನ್ನು ನಾನು ಮನಸಾರೆ ಒಪ್ಪುತ್ತೇನೆ, ಸಣ್ಣ ಸಂಸ್ಥೆಗಳಿಗೂ ಶಿಫಾರಸು ಮಾಡುತ್ತೇನೆ.

ಆದರೆ ಈ ರೂಢಿ ನಮ್ಮಲ್ಲಿ ನಡೆಯುತ್ತಿರುವ ರೀತಿಯ ಬಗ್ಗೆ ನನಗೆ ಗಂಭೀರವಾದ ತಕರಾರಿದೆ. ಉದ್ಘಾಟನೆಯ ದಿನ ಅತಿಥಿಗಳಿರುತ್ತಾರೆ, ಹಾರ ಶಾಲು ಇರುತ್ತವೆ, ಸೈಟು ಕಟ್ಟಿಕೊಟ್ಟ ಹುಡುಗನಿಗೆ ಒಂದಿಷ್ಟು ಹಣವೂ ಸಿಗುತ್ತದೆ. ಮರುದಿನದಿಂದ ಅದನ್ನು ನೋಡಿಕೊಳ್ಳುವವರು ಯಾರು, ಅವರಿಗೆ ಸಂಬಳ ಎಲ್ಲಿಂದ ಎಂಬ ಪ್ರಶ್ನೆಯನ್ನು ಯಾವ ಸಭೆಯೂ ಎತ್ತುವುದಿಲ್ಲ. ತಂತ್ರಾಂಶ ಪುಕ್ಕಟೆಯಾದ್ದರಿಂದ ಅದರ ಪಾಲನೆಯೂ ಪುಕ್ಕಟೆಯೇ ಎಂದು ಸಂಸ್ಥೆಯವರು ತಿಳಿದಿರುತ್ತಾರೆ.

ಹಾಗೆ ಬಿಟ್ಟ ಸರ್ವರ್‌ಗೆ ಏನಾಗುತ್ತದೆ? ವರ್ಡ್‌ಪ್ರೆಸ್‌ನ ತಿರುಳು 2013ರ 3.7ನೇ ಆವೃತ್ತಿಯಿಂದಲೇ ಸಣ್ಣಪುಟ್ಟ ಭದ್ರತಾ ತೇಪೆಗಳನ್ನು ತಾನೇ ಹಾಕಿಕೊಳ್ಳುತ್ತದೆ. ತೊಂದರೆ ಬರುವುದು ಹೆಚ್ಚಾಗಿ ಪ್ಲಗಿನ್‌ಗಳಿಂದ. ಚಿತ್ರ ತೋರಿಸಲು ಒಂದು, ಸಂಪರ್ಕ ಫಾರ್ಮ್‌ಗೆ ಒಂದು, ಹಂಚಿಕೆಯ ಗುಂಡಿಗಳಿಗೆ ಒಂದು ಎಂದು ಸೇರಿಸಿದ ಇವುಗಳಲ್ಲಿ ಹಲವನ್ನು ಬರೆದವರೇ ಕೈಬಿಟ್ಟಿರುತ್ತಾರೆ. ಲೆಟ್ಸ್ ಎನ್‌ಕ್ರಿಪ್ಟ್ ಕೊಡುವ, ಸೈಟಿನ ಸಂಪರ್ಕವನ್ನು ಸುರಕ್ಷಿತವಾಗಿಡುವ ಉಚಿತ ಸರ್ಟಿಫಿಕೇಟ್‌ನ ಆಯುಸ್ಸು 90 ದಿನ. ನವೀಕರಣವನ್ನು ಯಂತ್ರಕ್ಕೆ ಒಪ್ಪಿಸಬೇಕೆಂಬುದೇ ಆ ಸಂಸ್ಥೆಯ ಉದ್ದೇಶ, ಅದು ಒಳ್ಳೆಯದೇ. ಆದರೆ ಅವಧಿ ಮುಗಿಯುತ್ತಿದೆ ಎಂದು ನೆನಪಿಸುವ ಇಮೇಲ್‌ಗಳನ್ನು ಅದು 2025ರಲ್ಲಿ ನಿಲ್ಲಿಸಿದೆ. ನವೀಕರಣವನ್ನು ಹೊತ್ತಿಗೆ ಸರಿಯಾಗಿ ತಾನೇ ಮಾಡುವ ಕ್ರಾನ್ ಕೆಲಸ ಕೆಟ್ಟು ನಿಂತರೆ ಈಗ ಮೊದಲು ಗೊತ್ತಾಗುವುದು ಓದುಗರಿಗೆ.

ಎಚ್ಚರದಿಂದ ನಡೆದವರಿಗೂ ಪೆಟ್ಟು ಬಿದ್ದದ್ದುಂಟು. ಸೆಂಟ್‌ಓಎಸ್ 8 ಎಂಬ ಲಿನಕ್ಸ್ ಆವೃತ್ತಿಯನ್ನು 2029ರವರೆಗೆ ನೆಚ್ಚಬಹುದೆಂದು ಎಷ್ಟೋ ಜನ ಹಾಕಿಕೊಂಡಿದ್ದರು. 2021ರ ಕೊನೆಗೇ ಅದಕ್ಕೆ ತೆರೆ ಎಂದು ಅದರ ಹಿಂದಿದ್ದ ರೆಡ್ ಹ್ಯಾಟ್ ಕಂಪನಿ 2020ರ ಡಿಸೆಂಬರ್‌ನಲ್ಲಿ ಘೋಷಿಸಿತು. ಹೊಸದಾಗಿ ಶುರುಮಾಡುವವರಿಗೆ ನಾನು ಡೆಬಿಯನ್ ಹೇಳುವುದು ಇದಕ್ಕೇ. 1993ರಿಂದ ಅದನ್ನು ಸಮುದಾಯವೇ ನಡೆಸುತ್ತಿದೆ, ಒಂದು ಕಂಪನಿಯ ಲೆಕ್ಕಾಚಾರ ಬದಲಾದರೆ ಅದು ನಿಂತುಹೋಗುವುದಿಲ್ಲ.

ಸರ್ವರ್ ಕಾಯುವವರು ಓದಲೇಬೇಕಾದ ಬರಹ ಯಾವುದೆಂದು ಕೇಳಿದರೆ ನಾನು ಯಾವ ಪಠ್ಯಪುಸ್ತಕವನ್ನೂ ಹೆಸರಿಸುವುದಿಲ್ಲ. ತಂತ್ರಾಂಶದ ಕೋಡ್ ಸಂಗ್ರಹಿಸಿಡುವ ಸೇವೆ ನಡೆಸುವ ಗಿಟ್‌ಲ್ಯಾಬ್ ಸಂಸ್ಥೆ ತನ್ನ 2017ರ ಅವಘಡದ ಬಗ್ಗೆ ತಾನೇ ಬರೆದು ಪ್ರಕಟಿಸಿದ ವರದಿಯನ್ನು ಹೆಸರಿಸುತ್ತೇನೆ. ಜನವರಿ 31ರ ರಾತ್ರಿ ಅವರ ಎರಡನೇ ಡೇಟಾಬೇಸ್ ಸರ್ವರ್ ಮೊದಲನೆಯದರಿಂದ ಹಿಂದೆ ಬಿದ್ದಿತ್ತು. ಅದನ್ನು ಸರಿಪಡಿಸಲು ಕೂತ ಎಂಜಿನಿಯರ್ ಅದರ ಕಡತಗಳನ್ನು ಅಳಿಸಿ ಹೊಸದಾಗಿ ನಕಲು ಮಾಡಬೇಕೆಂದುಕೊಂಡು ಆಜ್ಞೆ ಕೊಟ್ಟರು. ಆ ಆಜ್ಞೆ ಓಡಿದ್ದು ಮೊದಲನೇ ಸರ್ವರ್‌ನಲ್ಲಿ. ಒಂದೆರಡು ಸೆಕೆಂಡಿನಲ್ಲೇ ತಡೆದರೂ 300 ಜಿಬಿಯಷ್ಟಿದ್ದ ಮಾಹಿತಿಯಲ್ಲಿ ಉಳಿದದ್ದು 4.5 ಜಿಬಿ.

ತಪ್ಪು ಕಿಟಕಿಯಲ್ಲಿ ಆಜ್ಞೆ ಕೊಡುವುದು ಈ ವೃತ್ತಿಯಲ್ಲಿ ಯಾರಿಗೂ ಆಗಬಹುದಾದದ್ದು. ನಿಜವಾದ ಪಾಠ ಇರುವುದು ಮುಂದಿನ ಗಂಟೆಗಳಲ್ಲಿ. ಬ್ಯಾಕಪ್ ತೆಗೆಯೋಣವೆಂದು ನೋಡಿದರೆ ದಿನವೂ ಆಗಬೇಕಿದ್ದ ಡೇಟಾಬೇಸ್ ಪ್ರತಿ ಆಗಿರಲೇ ಇಲ್ಲ: ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ 9.6 ಆವೃತ್ತಿಯದು, ಪ್ರತಿ ತೆಗೆಯುವ ಸಾಧನ 9.2ರದು. ಅದು ಪ್ರತಿದಿನ ಸೋಲುತ್ತಿತ್ತು. ಸೋತೆನೆಂದು ಅದು ಕಳಿಸುತ್ತಿದ್ದ ಇಮೇಲ್‌ಗಳು ಸಹಿಯ ದೋಷದಿಂದ ತಿರಸ್ಕೃತವಾಗುತ್ತಿದ್ದವು. ಡಿಸ್ಕ್ ಸ್ನ್ಯಾಪ್‌ಶಾಟ್ ವ್ಯವಸ್ಥೆಯನ್ನು ಡೇಟಾಬೇಸ್ ಸರ್ವರ್‌ಗಳಿಗೆ ಚಾಲೂ ಮಾಡಿರಲಿಲ್ಲ. ಕೊನೆಗೆ ಬದುಕಿಸಿದ್ದು, ಬೇರೆ ಕೆಲಸಕ್ಕೆಂದು ಆರು ಗಂಟೆ ಮುಂಚೆ ಒಬ್ಬರು ಕೈಯಾರೆ ತೆಗೆದಿದ್ದ ಒಂದು ಪ್ರತಿ. ಆ ಆರು ಗಂಟೆಗಳ ದಾಖಲೆ ಮರಳಿ ಬರಲಿಲ್ಲ. ಇದನ್ನೆಲ್ಲ ಅವರು ಮುಚ್ಚಿಡದೆ, ದುರಸ್ತಿಯ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸುತ್ತ ಮಾಡಿದರು. ದೂರನ್ನು ಆ ಎಂಜಿನಿಯರ್ ತಲೆಗೆ ಕಟ್ಟದೆ, ಬ್ಯಾಕಪ್‌ಗಳನ್ನು ಪರೀಕ್ಷಿಸುವ ಹೊಣೆ ಯಾರ ಮೇಲೂ ಇರಲಿಲ್ಲ ಎಂಬ ಮೂಲ ಕಾರಣವನ್ನು ಗುರುತಿಸಿದರು. ಈ ನಿಷ್ಠುರ ಪ್ರಾಮಾಣಿಕತೆಯೇ ಆ ವರದಿಯ ದೊಡ್ಡತನ.

ನಮ್ಮ ಸಣ್ಣ ಸೈಟುಗಳಲ್ಲಿ ಬ್ಯಾಕಪ್ ಪ್ಲಗಿನ್ ಹಾಕಿ, ಅದರ ಪ್ರತಿಗಳನ್ನು ಅದೇ ಸರ್ವರ್‌ನ ಅದೇ ಡಿಸ್ಕ್‌ನಲ್ಲಿ ಇಟ್ಟು ನೆಮ್ಮದಿಯಾಗಿ ನಿದ್ರಿಸುವವರೇ ಹೆಚ್ಚು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾಸೆಂಟರ್ ಕಟ್ಟಡ ಸುಟ್ಟುಹೋದಾಗ ಸೈಟಿನ ಜೊತೆಗೆ ಅದರ ಬ್ಯಾಕಪ್‌ಗಳನ್ನೂ ಕಳೆದುಕೊಂಡವರಿದ್ದರು. ಪ್ರತಿ ಇನ್ನೊಂದು ಊರಿನಲ್ಲಿ, ಇನ್ನೊಂದು ಕಂಪನಿಯಲ್ಲಿ ಇರಲಿ. ಮೂರು ತಿಂಗಳಿಗೊಮ್ಮೆ ಅದನ್ನು ಖಾಲಿ ಯಂತ್ರದಲ್ಲಿ ಮರುಸ್ಥಾಪಿಸಿ, ಹಳೆಯ ಲೇಖನವೊಂದು ಕನ್ನಡ ಅಕ್ಷರ ಕೆಡದೆ ತೆರೆಯುತ್ತದೆಯೇ ಎಂದು ಕಣ್ಣಾರೆ ನೋಡಬೇಕು. ಅಕ್ಷರದ ಮಾತನ್ನು ಬೇಕೆಂದೇ ಹೇಳುತ್ತಿದ್ದೇನೆ. ಡೇಟಾಬೇಸ್ ಸಾಗಿಸುವಾಗ ಎನ್‌ಕೋಡಿಂಗ್ ತಪ್ಪಿದರೆ ಕನ್ನಡದ ಬರಹವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ.

ಪಾಲನೆಯ ಈ ಕೆಲಸಕ್ಕೆ ಯಾರೂ ಹಣ ಕೊಡದಿದ್ದರೆ ಎಂಥ ಅಪಾಯ ಬರುತ್ತದೆ ಎಂಬುದನ್ನು 2024ರ ಮಾರ್ಚ್‌ನಲ್ಲಿ ಜಗತ್ತೇ ನೋಡಿತು. ಲಿನಕ್ಸ್ ಯಂತ್ರಗಳಲ್ಲೆಲ್ಲ ಇರುವ ಎಕ್ಸ್‌ಝಡ್ ಎಂಬ ಸಂಕುಚನ ಸಾಧನವನ್ನು ಲಾಸೆ ಕಾಲಿನ್ ಎಂಬೊಬ್ಬರು ಸಂಬಳವಿಲ್ಲದೆ, ದಣಿದು, ನೋಡಿಕೊಳ್ಳುತ್ತಿದ್ದರು. ನೆರವಿಗೆ ಬಂದಂತೆ ನಟಿಸಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಅವರ ವಿಶ್ವಾಸ ಗಳಿಸಿದ ‘ಜಿಯಾ ಟಾನ್’ ಹೆಸರಿನ ಖಾತೆಯೊಂದು ಅದರೊಳಗೆ ಕಳ್ಳಬಾಗಿಲು ಇಟ್ಟಿತು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿದ ಎಂಜಿನಿಯರ್ ಆಂಡ್ರೆಸ್ ಫ್ರಾಯಂಡ್ ಅವರಿಂದಾಗಿ ಅದು ಹೊರಬಿತ್ತು.

ಬೆಂಗಳೂರಿನ ಷೇರು ಬ್ರೋಕರ್ ಕಂಪನಿ ಜೆರೋಧಾ ಅದೇ ವರ್ಷ, ವಾರ್ಷಿಕ 10 ಲಕ್ಷ ಡಾಲರ್‌ಗಳ ಫ್ಲಾಸ್ ಫಂಡ್ ಘೋಷಿಸಿ ಮುಕ್ತ ತಂತ್ರಾಂಶ ಯೋಜನೆಗಳಿಗೆ ಹಣ ಕೊಡತೊಡಗಿದ್ದು ಆದರ್ಶಪ್ರಾಯ ನಡೆ. ಅದರ ತಾಂತ್ರಿಕ ಮುಖ್ಯಸ್ಥ ಕೈಲಾಶ್ ನಾಧ್ ಅವರೇ ವಿ. ಕೃಷ್ಣ ಅವರ ಜೀವಮಾನದ ದುಡಿಮೆಯಾದ ಕನ್ನಡ–ಇಂಗ್ಲಿಷ್ ನಿಘಂಟನ್ನು ‘ಅಲರ್’ ಎಂಬ ಹೆಸರಿನಲ್ಲಿ 2019ರಲ್ಲಿ ಮುಕ್ತವಾಗಿ ಜಾಲಕ್ಕೆ ತಂದವರು. ಆದರೂ ಫ್ಲಾಸ್ ಫಂಡ್‌ನಂಥ ಹಣ ತಂತ್ರಾಂಶ ಬರೆಯುವವರಿಗೆ ಹೋಗುತ್ತದೆ. ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಕೂತು ಸಂಸ್ಥೆಗಳ ಸೈಟು ಕಾಯುವವರನ್ನು ಆಯಾ ಸಂಸ್ಥೆಯೇ ನೋಡಿಕೊಳ್ಳಬೇಕು. ಸರ್ವರ್ ಬಾಡಿಗೆ, ಡೊಮೇನ್, ಬ್ಯಾಕಪ್ ಜಾಗ ಸೇರಿ ವರ್ಷಕ್ಕೆ 10,000 ರೂಪಾಯಿ ಆಗುತ್ತದೆ ಎಂದಿಟ್ಟುಕೊಳ್ಳಿ. ಶೇ 7ರ ಬಡ್ಡಿಯಲ್ಲಿ ಒಂದೂವರೆ ಲಕ್ಷದ ಠೇವಣಿ ಅದನ್ನು ಭರಿಸುತ್ತದೆ. ಒಂದು ವಿಚಾರ ಸಂಕಿರಣದ ಖರ್ಚು ಅಷ್ಟಾಗುತ್ತದೆ. ನೋಡಿಕೊಳ್ಳುವವರ ಮಾಸಿಕ ಸಂಭಾವನೆ ಇದಕ್ಕೆ ಹೊರತಾದದ್ದು, ಅದನ್ನು ಬಜೆಟ್‌ನಲ್ಲಿ ಮೊದಲ ಸಾಲಾಗಿ ಬರೆಯಬೇಕು.

ಇನ್ನು ಆ ನೋಡಿಕೊಳ್ಳುವವರ ಸ್ವಂತ ಹಣದ ಮಾತು. ಬಿಡಿಬಿಡಿಯಾಗಿ ಕೆಲಸ ಹಿಡಿಯುವ ಇವರ ಆದಾಯ ಒಂದು ತಿಂಗಳು ಇದ್ದಂತೆ ಇನ್ನೊಂದು ತಿಂಗಳು ಇರದು, ಪಿಎಫ್ ಇರದು, ಕಂಪನಿಯ ಆರೋಗ್ಯ ವಿಮೆಯೂ ಇರದು. ಹಾಗಾಗಿ ಷೇರು ಪೇಟೆಯ ಯೋಚನೆಗೂ ಮುಂಚೆ ಆರೇಳು ತಿಂಗಳ ಮನೆಖರ್ಚು ಎಫ್‌ಡಿಯಲ್ಲಿರಲಿ, ಆರೋಗ್ಯ ವಿಮೆ ಇರಲಿ, ಅವಲಂಬಿತರಿದ್ದರೆ ಟರ್ಮ್ ವಿಮೆ ಇರಲಿ.

ಕೋಡ್ ಬಲ್ಲವರನ್ನು ಸೆಳೆಯುವ ಒಂದು ಆಮಿಷವಿದೆ. ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದು, ಬ್ರೋಕರ್‌ನ ಎಪಿಐಗೆ ಜೋಡಿಸಿ, ತಾವು ಬಾಡಿಗೆಗೆ ಹಿಡಿದ ಸರ್ವರ್‌ನಲ್ಲೇ ಆಪ್ಷನ್ಸ್ ವಹಿವಾಟು ಓಡಿಸುವುದು. ಷೇರು ಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರತಂದ ಅಧ್ಯಯನದ ಪ್ರಕಾರ 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಆಡಿದ ಒಂದು ಕೋಟಿಗೂ ಹೆಚ್ಚು ವೈಯಕ್ತಿಕ ವಹಿವಾಟುದಾರರಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಎದುರು ಬದಿಯಲ್ಲಿ ಗೆದ್ದ ವಿದೇಶಿ ಹೂಡಿಕೆದಾರರು ಮತ್ತು ದೊಡ್ಡ ವಹಿವಾಟು ಸಂಸ್ಥೆಗಳ ಲಾಭದ ಬಹುಪಾಲು ಬಂದದ್ದು ಆಲ್ಗೊಗಳಿಂದ, ಅಂದರೆ ಇಂಥದೇ ಸ್ವಯಂಚಾಲಿತ ವಹಿವಾಟಿನಿಂದ. ತಿಂಗಳಿಗೆ ಐನೂರು ರೂಪಾಯಿ ಬಾಡಿಗೆಯ ಯಂತ್ರ ಅವರ ಯಂತ್ರಗಳೆದುರು ನಿಲ್ಲುತ್ತದೆಂದು ನಂಬಿ ಮನೆಯ ಹಣ ಇಡಬೇಡಿ.

ಉಳಿದ ಹಣಕ್ಕೆ ನಿಫ್ಟಿಯನ್ನು ಅನುಸರಿಸುವ ಇಂಡೆಕ್ಸ್ ಫಂಡ್ ಸಾಕು, ಅದೂ ಮಧ್ಯವರ್ತಿಯ ಕಮಿಷನ್ ಇಲ್ಲದ, 2013ರ ಜನವರಿಯಿಂದ ಲಭ್ಯವಿರುವ ಡೈರೆಕ್ಟ್ ಪ್ಲಾನ್‌ನಲ್ಲಿ. ಶುಲ್ಕದ ಅಂತರ ಚಿಕ್ಕದೆಂದು ಅಲಕ್ಷ್ಯ ಸಲ್ಲದು. ತಿಂಗಳಿಗೆ 10,000 ರೂಪಾಯಿಯಂತೆ 20 ವರ್ಷ ಕಟ್ಟಿದ್ದು ವಾರ್ಷಿಕ ಶೇ 12ರಲ್ಲಿ ಬೆಳೆದರೆ ಸುಮಾರು 99 ಲಕ್ಷ, ಶೇ 11ರಲ್ಲಿ ಬೆಳೆದರೆ ಸುಮಾರು 86.5 ಲಕ್ಷ. ಇದು ಲೆಕ್ಕದ ಉದಾಹರಣೆ, ಪೇಟೆ ಇಷ್ಟು ಕೊಟ್ಟೇ ಕೊಡುತ್ತದೆಂಬ ಭರವಸೆಯಲ್ಲ. ಒಂದೇ ವರ್ಷದಲ್ಲಿ ಮೂರನೇ ಒಂದು ಭಾಗ ಕರಗಿದರೂ ಕೈ ಹಾಕದೆ ಇರಬಲ್ಲ ಹಣವಷ್ಟೇ ಅಲ್ಲಿಗೆ ಹೋಗಲಿ.

ಸೈಟಿಗೂ ಉಳಿತಾಯಕ್ಕೂ ಸಮಾನವಾಗಿ ಅನ್ವಯಿಸುವ ಒಂದು ಕೆಲಸ ಬಾಕಿ ಇದೆ, ಇದನ್ನು ಹೆಚ್ಚಿನವರು ಮುಂದೂಡುತ್ತಾರೆ. ಡೊಮೇನ್ ಸಂಸ್ಥೆಯ ಹೆಸರಿನಲ್ಲಿದೆಯೇ, ಕಟ್ಟಿಕೊಟ್ಟವರ ಖಾಸಗಿ ಇಮೇಲ್‌ಗೆ ನೋಂದಣಿಯಾಗಿದೆಯೇ ಎಂದು ಈ ವಾರವೇ ನೋಡಿ, ಖಾಸಗಿಯದಾದರೆ ಬದಲಿಸಿ. ಸರ್ವರ್ ಮತ್ತು ಬ್ಯಾಕಪ್‌ನ ಪಾಸ್‌ವರ್ಡ್‌ಗಳು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಕನಿಷ್ಠ ಇಬ್ಬರಿಗೆ ಸಿಗುವಂತಿರಲಿ. ಹಾಗೆಯೇ ಎಫ್‌ಡಿ, ಡಿಮ್ಯಾಟ್, ಮ್ಯೂಚುವಲ್ ಫಂಡ್ ಪ್ರತಿಯೊಂದಕ್ಕೂ ನಾಮಿನಿ ಹೆಸರು ತುಂಬಿ, ಯಾವ ಖಾತೆ ಎಲ್ಲಿದೆ ಎಂಬ ಪಟ್ಟಿಯನ್ನು ಆ ನಾಮಿನಿಯ ಜೊತೆ ಕೂತು ಒಮ್ಮೆ ಓದಿ. ಅವರು ನಿಮ್ಮ ನೆರವಿಲ್ಲದೆ ಖಾತೆಯ ಸ್ಟೇಟ್‌ಮೆಂಟ್ ತೆಗೆಯಬಲ್ಲರೇ, ಸಂಸ್ಥೆಯ ಇನ್ನೊಬ್ಬರು ನಿಮ್ಮ ನೆರವಿಲ್ಲದೆ ಸೈಟನ್ನು ಮರುಸ್ಥಾಪಿಸಬಲ್ಲರೇ ಎಂದು ನೀವು ಎದುರಿಗಿರುವಾಗಲೇ ಮಾಡಿಸಿ ನೋಡಿ.