ಕಡೆಯ ದಿನಗಳ ಕಸುಬು

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಸುತ್ತಿನ ಅಡಿಕೆ ಸೀಮೆಯಲ್ಲಿ ಕ್ಯಾನ್ಸರ್ ರೋಗಿಯನ್ನು ದೊಡ್ಡಾಸ್ಪತ್ರೆಯಿಂದ ವಾಪಸ್ ಕರೆತಂದವರ ಬಾಯಲ್ಲಿ ಒಂದೇ ಮಾತು: "ಇನ್ನೇನೂ ಮಾಡಂಗಿಲ್ಲ ಅಂದ್ರು." ಆಮೇಲೆ ಉಳಿಯುವುದು ಬರೀ ಸೇವೆ, ಅದಕ್ಕೆ ಒಳ್ಳೆ ಮನಸ್ಸಿದ್ದರೆ ಸಾಕು ಎಂದು ಊರೆಲ್ಲ ನಂಬಿದೆ. ಸಾವಿನಂಚಿನ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪೈಸ್ ನರ್ಸ್‌ಗಳನ್ನು ದೇವತೆಯರೆಂದು ಹೊಗಳುವವರು ನಂಬಿರುವುದೂ ಇದನ್ನೇ. ನನ್ನ ತಕರಾರು ಇರುವುದು ಆ ಹೊಗಳಿಕೆಯ ಮೇಲೆ. ದೇವತೆಗೆ ತರಬೇತಿ ಬೇಡ, ಸಂಬಳವೂ ಬೇಡ.

ಸಾವಿನ ಹಾಸಿಗೆಯಲ್ಲಿ ಮುದುಕರೊಬ್ಬರು ಹೊದಿಕೆ ಕಿತ್ತೆಸೆದು ನರಳುತ್ತಿದ್ದರೆ "ಜೀವ ಹೋಗೋಕೆ ಒದ್ದಾಡ್ತಿದೆ" ಎಂದು ಮನೆಮಂದಿ ತುಳಸಿನೀರು ಬಿಡುತ್ತಾರೆ. ಪಳಗಿದ ನರ್ಸ್ ಮೊದಲು ಕಿಬ್ಬೊಟ್ಟೆ ಮುಟ್ಟಿ ನೋಡುತ್ತಾಳೆ. ಎಷ್ಟೋ ಸಲ ಮೂತ್ರ ಕಟ್ಟಿಕೊಂಡಿರುತ್ತದೆ. ಕೊಳವೆ ಹಾಕಿದರೆ ಒದ್ದಾಟ ಇಳಿಯುತ್ತದೆ. ಬಾಯಿ ಕ್ಯಾನ್ಸರಿನ ಹುಣ್ಣು ನಾತ ಹೊಡೆದು ಮೊಮ್ಮಕ್ಕಳೂ ಹತ್ತಿರ ಸುಳಿಯದಾದಾಗ, ಗಾಯ ತೊಳೆದು ಮೆಟ್ರೊನಿಡಜೋಲ್ ಮಾತ್ರೆಯ ಪುಡಿ ಉದುರಿಸಿ ವಾಸನೆ ತಗ್ಗಿಸುವವಳೂ ಅವಳೇ. ನೋವಿಗೆ ಕೊಡುವ ಮಾರ್ಫೀನ್ ಜೊತೆಗೆ ಮಲ ಸಡಿಲಿಸುವ ಔಷಧಿ ತಪ್ಪದಂತೆ ನೋಡುತ್ತಾಳೆ. "ಒಂದು ಬಾಟ್ಲಿ ಗ್ಲೂಕೋಸ್ ಆದ್ರೂ ಹಾಕ್ಸಿ" ಎಂದು ನೆಂಟರು ಪಟ್ಟು ಹಿಡಿದಾಗ, ಈಗ ಅದು ಮೈ ಊದಿಸಿ ಎದೆಯ ಗೊರಗೊರ ಹೆಚ್ಚಿಸಬಹುದೆಂದು ಯಾರ ಮನಸ್ಸೂ ನೋಯದಂತೆ ತಿಳಿಹೇಳುತ್ತಾಳೆ. ಕರುಣೆಯೊಂದೇ ಇದನ್ನು ಕಲಿಸುವುದಿಲ್ಲ.

ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದರು, ವೈದ್ಯೆಯಾದದ್ದು ಆಮೇಲೆ. ನೋವು ಮರುಕಳಿಸುವವರೆಗೆ ಕಾಯದೆ ಗಡಿಯಾರ ನೋಡಿ ಔಷಧಿ ಕೊಡುವ ಪದ್ಧತಿಯನ್ನು ಅವರು ಕಂಡದ್ದು ಸೇಂಟ್ ಲ್ಯೂಕ್ಸ್ ಎಂಬಲ್ಲಿ ರೋಗಿಗಳ ಆರೈಕೆಗೆ ಹೋಗುತ್ತಿದ್ದಾಗ. ಈ ಇಡೀ ವಿದ್ಯೆಯ ಬೇರು ಹಾಸಿಗೆಯ ಪಕ್ಕದಲ್ಲಿದೆ.

ಉಪಶಮನ ಆರೈಕೆ ಎಂದು ಕರೆಯುವ ಇದಕ್ಕೆ ಒಪ್ಪಿದರೆ ಸಾವು ಬೇಗ ಬರುತ್ತದೆಂಬ ಭಯವೂ ನಮ್ಮಲ್ಲಿದೆ. ಬಾಸ್ಟನ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಲಿತ 151 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದು ತದ್ವಿರುದ್ಧ: ಮೊದಲಿಂದಲೇ ಉಪಶಮನ ಆರೈಕೆ ಸಿಕ್ಕವರ ಬದುಕಿನ ಅವಧಿಯ ಮಧ್ಯಾಂಕ (ಮೀಡಿಯನ್) 11.6 ತಿಂಗಳು, ಉಳಿದವರದು 8.9.

ಬೆಂಗಳೂರಿನ ಕರುಣಾಶ್ರಯ 1999ರಿಂದ ಬಲಿತ ಕ್ಯಾನ್ಸರಿನ ರೋಗಿಗಳನ್ನು ಒಂದು ಪೈಸೆ ಪಡೆಯದೆ ನೋಡಿಕೊಳ್ಳುತ್ತಿದೆ. ದೊಡ್ಡ ಕೆಲಸ. ಆದರೆ ಚನ್ನಗಿರಿ ತಾಲ್ಲೂಕಿನ ಕೂಲಿಯ ಮನೆಯಿಂದ ಬೆಂಗಳೂರು ಬಲು ದೂರ. "ನಮ್ಮಲ್ಲಿ ಸೊಸೆ ಮಾಡ್ತಾಳೆ, ಹೊರಗಿನವರು ಯಾಕೆ?" ಎನ್ನುವವರು ಒಮ್ಮೆ ಆ ಸೊಸೆಯನ್ನೇ ಕೇಳಲಿ. ಮಗ್ಗುಲು ಹೊರಳಿಸುವುದು ಹೇಗೆ, ಒಣಗಿದ ಬಾಯಿ ಒದ್ದೆ ಮಾಡುವುದು ಹೇಗೆ, ರಾತ್ರಿ ನೋವು ಏರಿದರೆ ಎಷ್ಟು ಔಷಧಿ ಎಂದು ಆಕೆಗೆ ಯಾರೂ ಹೇಳಿಕೊಟ್ಟಿಲ್ಲ. ತಪ್ಪಿದರೆ ಬೈಗುಳ ಮಾತ್ರ ಆಕೆಗೇ. ಕೇರಳ 2008ರಲ್ಲೇ ಉಪಶಮನ ಆರೈಕೆಯ ನೀತಿ ರೂಪಿಸಿ, ಪಂಚಾಯಿತಿಗಳ ಮೂಲಕ ನರ್ಸ್‌ಗಳನ್ನು ಇಂಥ ಮನೆಗಳ ಬಾಗಿಲಿಗೆ ಕಳಿಸಿತು. ಮಾರ್ಫೀನ್ ದೊರಕಿಸಲು ಇದ್ದ ಕಾನೂನಿನ ತೊಡಕನ್ನು ಮಾದಕವಸ್ತು ಕಾಯ್ದೆಯ 2014ರ ತಿದ್ದುಪಡಿ ದೇಶಕ್ಕೆಲ್ಲ ಸಡಿಲಿಸಿದೆ. ಹಾಗಾಗಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಜನ ತಮ್ಮ ಶಾಸಕರ ಮುಂದಿಡಬೇಕಾದ ಬೇಡಿಕೆ ಸನ್ಮಾನದ ಶಾಲಿನದಲ್ಲ: ಪ್ರತಿ ತಾಲ್ಲೂಕಿಗೂ ಉಪಶಮನ ಆರೈಕೆಯಲ್ಲಿ ತರಬೇತಿ ಪಡೆದ ಕಾಯಂ ನರ್ಸ್‌ಗಳು, ಅವರ ವಿದ್ಯೆಗೆ ತಕ್ಕ ಸಂಬಳ, ಮನೆಮನೆಗೆ ಹೋಗಲು ಒಂದು ವಾಹನ.