ಒದ್ದೆ ಬಟ್ಟೆ ಆರುವ ತನಕ

ಭಾಮಿನಿ ಷಟ್ಪದಿಯ ಮೂರನೇ ಸಾಲಿನ ತುದಿಗೆ ಬಂದು ಕೂಡುವ ಆ ಒಂದು ಗುರುವಿನ ಬಗ್ಗೆ ಈ ವಾರ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಕೊಟ್ಟ ಮಾತಿಗೆ ಕೂತದ್ದೂ ಹೌದು. ಬುಧವಾರ ರಾತ್ರಿ ಒಂಬತ್ತೂವರೆಗೆ ಖಜೂರಿಯಲ್ಲಿ ಕರೆಂಟು ಹೋಯಿತು. ಗುರುವಾರ ಹನ್ನೊಂದರೊಳಗೆ ಅಂಕಣ ಪತ್ರಿಕೆಗೆ ಮುಟ್ಟಬೇಕು. ಮೊಬೈಲಿನ ಬೆಳಕಿನಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಎಂದು ಬೆರಳು ಮಡಚಿ ಮಾತ್ರೆ ಎಣಿಸುತ್ತಿದ್ದರೆ ಒಳಗಿನಿಂದ ಮನೆಯಾಕೆಯ ದನಿ: “ಯಾರ್ದರ ಬಾಕಿ ಲೆಕ್ಕಾ ಮಾಡ್ಲತ್ತೀರೇನ್ರಿ?”

ಮಾತ್ರೆ ತಪ್ಪಿತು. ಗುರು ಮುಂದಿನ ವಾರಕ್ಕೆ ಹೋದ. ಆಕೆಯ ಮಾತು ಮಾತ್ರ ಕೈಯಲ್ಲಿ ಉಳಿಯಿತು. ಭಾನುವಾರದಿಂದ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುತ್ತಿದ್ದ ಸಿಟ್ಟಿಗೆ ಅದು ಸರಿಯಾಗಿ ಹೊಂದಿತು.

ಭಾನುವಾರ ಒಂದು ಕವಿಗೋಷ್ಠಿಗೆ ಹೋಗಿದ್ದೆ. ಯಾವ ಊರು, ಯಾರು ನಡೆಸಿದ್ದು ಎನ್ನುವುದು ಬೇಡ, ಉಪ್ಪಿಟ್ಟು ಚಲೋ ಇತ್ತು. ನಿರೂಪಕರಿಗೆ ಅವತ್ತು ಒಂದು ಹುಕಿ ಬಂದಿತ್ತು. ಪದ್ಯ ಓದುವ ಮುಂಚೆ ಪ್ರತಿಯೊಬ್ಬ ಕವಿಯೂ ತನ್ನ ಸ್ಫೂರ್ತಿದೇವತೆ ನೋಡಲು ಹೇಗಿದ್ದಾಳೆ ಎಂದು ಎರಡು ಮಾತು ಹೇಳಬೇಕಂತೆ. ಹನ್ನೊಂದು ಜನ ಕವಿಗಳು, ಹನ್ನೊಂದು ಹುಡುಗಿಯರು. ಎಲ್ಲರಿಗೂ ಬಿಳಿ ಸೀರೆ, ಎಲ್ಲರದೂ ಬಿಚ್ಚಿದ ಕೂದಲು. ನಡುರಾತ್ರಿ ಬರುತ್ತಾರೆ, ಹೇಳದೆ ಹೋಗುತ್ತಾರೆ, ಕಣ್ಣಂಚಿನಲ್ಲಿ ಒಂದು ಹನಿ ಇಟ್ಟುಕೊಂಡಿರುತ್ತಾರೆ. ಹನ್ನೊಂದರಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು. ಅವರ ಮನೆಗೂ ಅದೇ ಹುಡುಗಿ ಬರುತ್ತಾಳಂತೆ. ನಮ್ಮ ಕಡೆ ನಡುರಾತ್ರಿ ಕೂದಲು ಬಿಚ್ಚಿಕೊಂಡು ಬಿಳಿ ಸೀರೆಯಲ್ಲಿ ಬರುವವಳಿಗೆ ಬೇರೆಯೇ ಹೆಸರಿದೆ, ಅದು ಅವರಿಗೆ ಹೊಳೆಯಲಿಲ್ಲ.

ಈ ಹುಡುಗಿಯ ಮೇಲಿನ ನನ್ನ ತಕರಾರು ಹಳೆಯದು, ಕಾಯಂ ಓದುಗರಿಗೆ ಗೊತ್ತಿದ್ದದ್ದೇ. ನವೋದಯದ ಹೊತ್ತಿಗೆ ಇಂಗ್ಲಿಷ್ ಪದ್ಯಗಳ ಜೊತೆ ಬಂದಳು, ಭಾವಗೀತೆಯ ಕ್ಯಾಸೆಟ್ಟುಗಳಲ್ಲಿ ಮನೆ ಮಾಡಿದಳು, ಈಗ ಮೊಬೈಲಿನ ಸ್ಟೇಟಸ್ಸಿನಲ್ಲಿ ಬಾಡಿಗೆಗಿದ್ದಾಳೆ. ಅವಳ ತವರಿನಲ್ಲೂ ಅವಳು ಇಷ್ಟು ಮೆತ್ತಗಿರಲಿಲ್ಲ. ಗ್ರೀಕರ ಹೆಸಿಯಡ್ ಹೆಲಿಕಾನ್ ಗುಡ್ಡದ ತಪ್ಪಲಲ್ಲಿ ಕುರಿ ಕಾಯುತ್ತಿದ್ದಾಗ ಒಂಬತ್ತು ಅಕ್ಕತಂಗಿಯರು ಎದುರಾದರಲ್ಲ, ಅವರು ಮೊದಲು ಮಾಡಿದ ಕೆಲಸ ಬೈಯುವುದು. ಕುರುಬರೆಂದರೆ ಬರೀ ಹೊಟ್ಟೆ ಎಂದು ಹಂಗಿಸಿ, ಆಮೇಲೆ ಕೈಗೆ ಕೋಲು ಕೊಟ್ಟರು. ನವ್ಯದವರು ಈ ಹುಡುಗಿಯನ್ನು ಮನೆಯಿಂದ ಹೊರಗೆ ಹಾಕಿದರು, ಅಷ್ಟಕ್ಕೆ ಅವರಿಗೆ ನಮಸ್ಕಾರ. ಆದರೆ ಪದ್ಯ ಎಂದರೆ ಕಟ್ಟುವ ಕೆಲಸ, ಬರೆಸುವವರು ಯಾರೂ ಇಲ್ಲ ಎಂದು ಕುರ್ಚಿಯನ್ನೇ ಖಾಲಿ ಬಿಟ್ಟರು. ಕನ್ನಡದಲ್ಲಿ ಆ ಕುರ್ಚಿ ಯಾವತ್ತೂ ಖಾಲಿ ಇರಲಿಲ್ಲ. ಅದರಲ್ಲಿ ಹುಡುಗಿ ಕೂತಿರಲಿಲ್ಲ, ಅಷ್ಟೆ.

ಯಾರು ಕೂತಿದ್ದರು ಎಂದು ನೋಡಬೇಕಾದರೆ ಗದುಗಿಗೆ ಹೋಗಬೇಕು. 15ನೇ ಶತಮಾನದ ಕೋಳಿವಾಡದ ನಾರಣಪ್ಪನ ಕತೆ ಎಲ್ಲರಿಗೂ ಗೊತ್ತು. ಬೆಳಗಾಗೆದ್ದು ಕೋನೇರಿಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ವೀರನಾರಾಯಣನ ಗುಡಿಯ ಕಂಬಕ್ಕೆ ಒರಗಿ ಬರೆಯಲು ಕೂಡುತ್ತಿದ್ದನಂತೆ. ಬಟ್ಟೆ ಆರುವ ತನಕ ಪದ್ಯ, ಆರಿತೆಂದರೆ ಅವತ್ತಿನ ಕೆಲಸ ಬಂದ್. ಗಡುವು ಎನ್ನುವುದಕ್ಕೆ ಇದಕ್ಕಿಂತ ಚೆಂದದ ಚಿತ್ರ ನನಗೆ ಬೇರೆ ಸಿಕ್ಕಿಲ್ಲ. ಕತೆ ದಂತಕತೆಯೇ ಇರಲಿ. ಆತ ತಾನೇ ಬರೆದಿಟ್ಟ ಪೀಠಿಕೆ ಅದಕ್ಕಿಂತ ರುಚಿ. ಅಲ್ಲಿ ಕವಿಯ ಜಾಗದಲ್ಲಿ ವೀರನಾರಾಯಣನ ಹೆಸರಿದೆ, ತನಗೆ ಆತ ಇಟ್ಟುಕೊಂಡದ್ದು ಲಿಪಿಕಾರನ ಹುದ್ದೆ. ಕೇಳಲು ಕೂತ ಪಂಡಿತರ ಪಟ್ಟಿಯೂ ಅಲ್ಲೇ ಇದೆ, ಸನಕಾದಿಗಳಿಂದ ಹಿಡಿದು.

ವಿನಯ ಎಂದು ಮೇಷ್ಟ್ರುಗಳು ಇದನ್ನು ದಾಟಿಸಿಬಿಡುತ್ತಾರೆ. ಹಾಗೆ ದಾಟಿಸಿದರೆ ಮುಂದೆ ಬರುವ ಇನ್ನೊಂದು ಪದ್ಯದಲ್ಲಿ ಪೇಚಿಗೆ ಬೀಳುತ್ತಾರೆ, ಏಕೆಂದರೆ ಅಲ್ಲಿ ಈ ವಿನಯವಂತ ಎದೆ ತಟ್ಟಿಕೊಂಡು ಹೆಚ್ಚುಗಾರಿಕೆ ಹೇಳಿಕೊಳ್ಳುತ್ತಾನೆ. ಲಿಪಿಕಾರ ಎಂದವನೇ ಜಂಭ ಕೊಚ್ಚಿದ್ದೇಕೆ ಎಂದು ಪರೀಕ್ಷೆಯಲ್ಲಿ ಪ್ರಶ್ನೆಯೂ ಬರುತ್ತದೆ. ಆ ಹೆಚ್ಚುಗಾರಿಕೆಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿ. ಹಲಗೆ ಬಳಪ ಹಿಡಿದು ಕಚ್ಚಾ ಪ್ರತಿ ಮಾಡಲಿಲ್ಲ. ಇಟ್ಟ ಪದವನ್ನು ಅಳಿಸಲಿಲ್ಲ. ಇನ್ನೊಬ್ಬರ ದಾರಿ ಹಿಡಿಯಲಿಲ್ಲ. ಓಲೆಯ ಮೇಲೆ ಕಂಠದ, ಅಂದರೆ ಬರೆಯುವ ಕಡ್ಡಿಯ, ಸದ್ದು ನಿಲ್ಲಲಿಲ್ಲ. ಇದರಲ್ಲಿ ಕವಿಯ ಜಂಭ ಎಲ್ಲಿದೆ? ಕಲ್ಪನೆ ದೊಡ್ಡದು ಎಂದನೇ, ರಸ ಉಕ್ಕಿತು ಎಂದನೇ? ಒಂದೂ ಇಲ್ಲ. ನಾಲ್ಕೂ ಗುಮಾಸ್ತನ ಜಂಭ. ಚಿತ್ತು ಹೊಡೆಯಲಿಲ್ಲ, ನಕಲು ಮಾಡಲಿಲ್ಲ, ಹೇಳುವವರು ಹೇಳುತ್ತಿರುವಾಗ ಕೈ ನಿಲ್ಲಿಸಲಿಲ್ಲ. ಒಳ್ಳೆಯ ಶಿರಸ್ತೇದಾರ ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಹೇಳುವ ಮಾತು ಇದೇ. ಎರಡು ಪದ್ಯಗಳ ನಡುವೆ ವಿರೋಧವೇ ಇಲ್ಲ. ಹೇಳಿ ಬರೆಸುವ ಮಾಲಕ ಗರ್ಭಗುಡಿಯಲ್ಲಿ ಕಲ್ಲಾಗಿ ನಿಂತಿದ್ದಾನೆ. ಅವನು ಅಳುವುದಿಲ್ಲ, ನಗುವುದಿಲ್ಲ, ಮಲ್ಲಿಗೆ ಮುಡಿಯುವುದಿಲ್ಲ. ಬಟ್ಟೆ ಆರುವ ತನಕ ಹೇಳುತ್ತಾನೆ.

ಸಂಸ್ಕೃತದ ರಾಜಶೇಖರ ಸುಮಾರು ಕ್ರಿ.ಶ. 900ರಲ್ಲಿ ಕವಿಗೆ ದಿನಚರಿಯನ್ನೇ ಹಾಕಿಕೊಟ್ಟಿದ್ದಾನೆ. ಮೊದಲ ಜಾವ ಓದು, ಎರಡನೆಯದು ಬರವಣಿಗೆ, ಊಟದ ಮೇಲೆ ಗೋಷ್ಠಿ, ಕೊನೆಗೆ ಬೆಳಿಗ್ಗೆ ಬರೆದದ್ದರ ತಪಾಸಣೆ. ಕವಿಯ ಪರಿವಾರದಲ್ಲಿ ಅಕ್ಷರ ದುಂಡಗಿರುವ ಒಬ್ಬ ಲೇಖಕನೂ ಇರಬೇಕು ಎನ್ನುತ್ತಾನೆ. ನಾರಣಪ್ಪ ಮಾಡಿದ್ದೇನೆಂದರೆ ಕವಿಯ ಕುರ್ಚಿಯನ್ನು ದೇವರಿಗೆ ಬಿಟ್ಟು ಆ ಲೇಖಕನ ಮಣೆಯ ಮೇಲೆ ತಾನು ಕೂತದ್ದು. ಇದೇ ರಾಜಶೇಖರ ಕರ್ಣಾಟರ ಬಗ್ಗೆ ಒಂದು ಚಾಟಿ ಬೀಸಿದ್ದಾನೆ, ಹೇಳದೆ ಬಿಡಲಾರೆ. ರಸ ಯಾವುದೇ ಇರಲಿ, ಗುಣ ಯಾವುದೇ ಇರಲಿ, ಕರ್ಣಾಟರು ಗರ್ವದಿಂದ ಓದಿ ಕೊನೆಗೊಂದು ಟಂಕಾರ ಹೊಡೆಯುತ್ತಾರಂತೆ. ಸಾವಿರ ವರ್ಷವಾಯಿತು. ಭಾನುವಾರದ ಹನ್ನೊಂದೂ ಜನ ಹೊಡೆದರು.

ನಮ್ಮ ಬರೆಸುವವರಿಗೆ ಹೊಟ್ಟೆಕಿಚ್ಚೂ ಉಂಟು. ಹರಿಹರ ಹೊಯ್ಸಳರ ಹಳೇಬೀಡಿನಲ್ಲಿ ಕರಣಿಕ, ಅಂದರೆ ಲೆಕ್ಕದವನೇ. ಲೆಕ್ಕ ಬರೆಯುತ್ತ ಕೂತವನು ಒಮ್ಮೆಲೇ ಕೈ ಕೈ ಹೊಸಕಿದನಂತೆ, ಕೇಳಿದರೆ ಅಲ್ಲಿ ಹಂಪೆಯಲ್ಲಿ ವಿರೂಪಾಕ್ಷನ ತೆರೆಗೆ ಬೆಂಕಿ ಹತ್ತಿತ್ತು, ಆರಿಸಿದೆ ಎಂದನಂತೆ. ಅವನ ಸೋದರಳಿಯ ರಾಘವಾಂಕ ಹರಿಶ್ಚಂದ್ರನ ಕಾವ್ಯ ಬರೆದದ್ದಕ್ಕೆ, ಮನುಷ್ಯರನ್ನು ಹೊಗಳಿದೆ ಎಂದು ಮಾವ ಹೊಡೆದ ಏಟಿಗೆ ಹಲ್ಲು ಉದುರಿದವು, ಶಿವಭಕ್ತರ ಕಾವ್ಯ ಬರೆದ ಮೇಲೆ ತಿರುಗಿ ಬಂದವು ಎಂದು ಇನ್ನೊಂದು ಕತೆ. ಬಿಳಿ ಸೀರೆಯವಳು ಮುನಿಸಿಕೊಂಡರೆ ಬರುವುದಿಲ್ಲ, ಅಷ್ಟೇ. ಇವರು ಮುನಿಸಿಕೊಂಡರೆ ದಂತವೈದ್ಯ ಬೇಕು.

ಹಲ್ಲು ಎಂದ ಮೇಲೆ ಪುಷ್ಪದಂತನನ್ನು ಬಿಡುವುದು ಹೇಗೆ? ಈ ಮನುಷ್ಯ ನಮ್ಮ ಜಿಲ್ಲೆಯವನು ಎಂದು ನಾನು ಎಷ್ಟು ಸಲ ಬರೆದಿದ್ದೇನೋ. ಹುಟ್ಟಿದ್ದು ಎಲ್ಲೋ ಇರಲಿ, ಬರೆದದ್ದು ಕಾಗಿಣಾ ದಂಡೆಯ ಮಳಖೇಡದಲ್ಲಿ, ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲಕ್ಕೆ. ಭಾಷೆ ಅಪಭ್ರಂಶ, ಅದಕ್ಕೇ ನಮ್ಮ ಪಠ್ಯದವರು ಅವನನ್ನು ಗಡಿಯಾಚೆ ನಿಲ್ಲಿಸಿದ್ದಾರೆ. ಅದೇ ಕೃಷ್ಣನ ಆಸ್ಥಾನದ ಪೊನ್ನನನ್ನು ಒಳಗೆ ಬಿಟ್ಟುಕೊಂಡವರು ಇವನಿಗೆ ಚೆಕ್‌ಪೋಸ್ಟ್ ಹಾಕಿದರು. ದಣಿದು, ಸೊರಗಿ, ಊರ ಹೊರಗಿನ ತೋಪಿನಲ್ಲಿ ಬಿದ್ದುಕೊಂಡಿದ್ದ. ಇಬ್ಬರು ಬಂದು, ಒಳಗೆ ಬಾ ಮಹಾರಾಯ ಎಂದು ಕರೆದರೆ, ಅರಸರ ಗಂಟಿಕ್ಕಿದ ಹುಬ್ಬು ನೋಡುವುದಕ್ಕಿಂತ ಗುಡ್ಡದ ಗವಿಯಲ್ಲಿ ಸಾಯುವುದು ಲೇಸು ಎಂದ. ಅಭಿಮಾನಮೇರು ಎಂದು ತನಗೆ ತಾನೇ ಬಿರುದು ಕೊಟ್ಟುಕೊಂಡವನಲ್ಲವೇ. ಕೊನೆಗೆ ಮಂತ್ರಿ ಭರತನ ಮನೆಯಲ್ಲಿ ನೆಲೆ ನಿಂತು 959ರಲ್ಲಿ ಮಹಾಪುರಾಣಕ್ಕೆ ಕೈ ಹಚ್ಚಿದ.

ಆದಿಪುರಾಣದ ಭಾಗ ಮುಗಿಯುತ್ತಿದ್ದಂತೆ ಅವನ ಕೈ ನಿಂತಿತು. ಏನೋ ಬೇಸರ. ಈ ಜಾಗ ನನಗೆ ಇಡೀ ಕಾವ್ಯದಲ್ಲೇ ಇಷ್ಟ. ಕನಸಿನಲ್ಲಿ ಸರಸ್ವತಿ ಬಂದಳು, ಅರ್ಹಂತನಿಗೆ ನಮಸ್ಕರಿಸು ಎಂದು ಒಂದು ಮಾತು ಹೇಳಿದಳು. ಕಣ್ಣು ಬಿಟ್ಟು ಸುತ್ತ ನೋಡಿದರೆ ಯಾರೂ ಇಲ್ಲ. ಸಾಮಾನ್ಯ ಕವಿಯಾಗಿದ್ದರೆ ಇಲ್ಲಿಂದ ಕಾವ್ಯ ಹೊಳೆಯಾಗಿ ಹರಿಯಿತು ಎಂದು ಬರೆಯುತ್ತಿದ್ದ. ಪುಷ್ಪದಂತ ಹಾಗೆ ಬರೆಯಲಿಲ್ಲ. ಬೇಸರ ಹೋಗಲಿಲ್ಲ. ಆಮೇಲೆ ಮನೆಯ ಯಜಮಾನ ಭರತನೇ ಬಂದು ಕೈಮುಗಿದು, ನನ್ನಿಂದ ಏನಾದರೂ ತಪ್ಪಾಯಿತೇ, ಯಾಕೆ ಬರೆಯುತ್ತಿಲ್ಲ ಎಂದು ಕೇಳಿದ. ಲೋಕ ಕೆಟ್ಟಿದೆ, ನಿನ್ನ ದುಡ್ಡು ನನಗೆ ಬೇಡ, ನಿನ್ನ ಪ್ರೀತಿಗಾಗಿ ಬರೆಯುತ್ತೇನೆ ಎಂದು ಕವಿ ಎದ್ದು ಕೂತ. 965ರಲ್ಲಿ 102 ಸಂಧಿಗಳ ಗ್ರಂಥ ಮುಗಿಯಿತು.

ದೇವತೆ ಬಂದದ್ದು ಸುಳ್ಳಲ್ಲ, ಆದರೆ ಬರೆಸಿದವಳು ಅವಳಲ್ಲ. ಬರೆಸಿದವನು ಬಾಗಿಲಲ್ಲಿ ನಿಂತು ಕೇಳಿದ ಮನುಷ್ಯ. ನನ್ನ ಸಂಪಾದಕರು ಇದನ್ನು ಓದಿ ಹಿಗ್ಗಬಾರದು, ಭರತ ಊಟವನ್ನೂ ಹಾಕುತ್ತಿದ್ದ.

ಈ ಪುಷ್ಪದಂತನಿಗೆ ಇನ್ನೊಂದು ಬಿರುದಿತ್ತು, ಕಾವ್ಯಪಿಶಾಚ. ಅದನ್ನು ಓದಿದಾಗೆಲ್ಲ ನನಗೆ ಅಫಜಲಪುರ ತಾಲ್ಲೂಕಿನ ಗಾಣಗಾಪುರ ನೆನಪಾಗುತ್ತದೆ. ದತ್ತನ ಗುಡಿಯಲ್ಲಿ ಮಧ್ಯಾಹ್ನದ ಆರತಿಯ ಗಂಟೆ ಶುರುವಾಯಿತೆಂದರೆ ಮೈಯಲ್ಲಿ ಗಾಳಿ ಇದೆ ಎಂದು ಕರೆತಂದವರು ಕೂಗುತ್ತ ಕಂಬ ಹಿಡಿದು ತೂಗಾಡುತ್ತಾರೆ. ಸ್ಫೂರ್ತಿ ಎಂದರೆ ಮೈಮೇಲೆ ಬರುವುದು ಎನ್ನುವವರು ಒಮ್ಮೆ ಅಲ್ಲಿ ಹೋಗಿ ನಿಂತು ನೋಡಬೇಕು. ಮೈಮೇಲೆ ಬಂದವರ ಕೈಯಲ್ಲಿ ಕಂಬ ಇರುತ್ತದೆ, ಕಂಠ ಇರುವುದಿಲ್ಲ. ಗದುಗಿನವನೂ ಕಂಬಕ್ಕೆ ಒರಗಿಯೇ ಕೂತಿದ್ದ, ಆದರೆ ಅವನ ಎರಡೂ ಕೈ ಕೆಲಸದಲ್ಲಿದ್ದವು.

ದತ್ತ ಎಂದ ಕೂಡಲೇ ಬೇಂದ್ರೆ. ನಮಗೆ ಬೇಂದ್ರೆಯವರು ಧಾರವಾಡದವರು ಎನ್ನುವುದಕ್ಕಿಂತ ಸೊಲ್ಲಾಪುರದವರು, 1944ರಿಂದ 1956ರ ತನಕ ಅಲ್ಲಿನ ಕಾಲೇಜಿನಲ್ಲಿ ಪಾಠ ಹೇಳಿದವರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬ ಪೂರ್ತಿ ಹೆಸರಲ್ಲಿ ಅಪ್ಪ ಇದ್ದಾನೆ, ಪದ್ಯದ ಕೆಳಗಿನ ಅಂಬಿಕಾತನಯದತ್ತ ಎಂಬ ಹೆಸರಲ್ಲಿ ಅವ್ವ ಇದ್ದಾಳೆ. ಸಂಬಳದ ಹೆಸರು ಅಪ್ಪನದು, ಪದ್ಯದ ಹೆಸರು ಅವ್ವನದು. ಹಡೆದವಳಿಂದ ವಿಶ್ವಮಾತೆಯ ತನಕ ಐವರು ತಾಯಂದಿರು ತಮಗೆ ಎಂದವರು ಅವರು. ಬರೆಸುವವಳು ಹೆಣ್ಣು, ಒಪ್ಪಿದೆ, ಆದರೆ ಹುಡುಗಿಯಲ್ಲ. ಅವಳು ಬರಲಿ ಎಂದು ಕಿಟಕಿ ತೆಗೆದಿಟ್ಟು ಕಾಯುವ ಪ್ರಮೇಯವೇ ಇಲ್ಲ, ಅವ್ವ ಮನೆಯಲ್ಲೇ ಇರುತ್ತಾಳೆ. ಡಿ.ವಿ.ಜಿ.ಯವರು 1943ರಲ್ಲಿ ಕಗ್ಗವನ್ನು ಮಂಕುತಿಮ್ಮನ ಹೆಸರಿಗೆ ಬರೆದುಕೊಟ್ಟರು, ಅದೂ ಈ ಜಾತಿಯದೇ.

ಇಷ್ಟು ದೂರ ಸುತ್ತಿ ಬಂದದ್ದು ಅಂಕಿತದ ಹತ್ತಿರಕ್ಕೆ. ಮೊದಲೇ ಹೇಳಿಬಿಡಬಹುದಿತ್ತು, ಕರೆಂಟು ಇದ್ದಿದ್ದರೆ ಹೇಳುತ್ತಿದ್ದೆನೇನೋ. ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಗುಹೇಶ್ವರ. ಬರೆಸುವವರು ಯಾರು ಎಂದು ನಮ್ಮ ವಚನಕಾರರನ್ನು ಯಾವ ನಿರೂಪಕನೂ ಕೇಳಬೇಕಿರಲಿಲ್ಲ, ಪ್ರತಿ ವಚನದ ಕೊನೆಗೂ ರುಜು ಬಿದ್ದಿದೆ. ರುಜು ಬರೆದವರದಲ್ಲ, ಬರೆಸಿದವರದು. ಜೇವರಗಿ ಸೀಮೆಯ ಕಡಕೋಳ ಮಡಿವಾಳಪ್ಪನ ತತ್ವಪದಗಳಲ್ಲಿ ಆ ಜಾಗಕ್ಕೆ ಗುರು ಮಹಾಂತ ಬಂದು ಕೂತ. ಶಿಷ್ಯರ ಪದಗಳಿಗೆ ಬರುವ ಹೊತ್ತಿಗೆ ಮಡಿವಾಳಪ್ಪನೇ ಅಂಕಿತವಾದ. ಆ ಶಿಷ್ಯರಲ್ಲಿ ಚೆನ್ನೂರಿನ ಜಲಾಲ ಸಾಹೇಬರೂ ಇದ್ದರು. ನಿನ್ನೆ ಬರೆದವನು ಇವತ್ತು ಬರೆಸುವವನು. ಗ್ರೀಕರ ಒಂಬತ್ತು ಅಕ್ಕತಂಗಿಯರಲ್ಲಿ ಇಂಥ ಬಡ್ತಿಯ ವ್ಯವಸ್ಥೆ ಇಲ್ಲ.

ನಮ್ಮ ಓಣಿಯಲ್ಲಿ ಅಮಾವಾಸ್ಯೆ ಭಜನೆಗೆ ಏಕತಾರಿ ಹಿಡಿಯುವ ಒಬ್ಬ ಕಾಕಾ ಇದ್ದಾರೆ. ಜೀವನವೆಲ್ಲ ತೊಗರಿ ಹೊಲದಲ್ಲಿ ಕಳೆದವರು, ಅಕ್ಷರ ಬರುವುದಿಲ್ಲ. ಒಂದು ರಾತ್ರಿ ದಮ್ಮಡಿ ರಂಗೇರಿದ ಹೊತ್ತಿನಲ್ಲಿ ಅವರಿಗೆ ನಡುವಿನ ಒಂದು ನುಡಿ ಮರೆತು ಹೋಯಿತು. ಪಲ್ಲವನ್ನು ಎರಡು ಸಲ ತಿರುಗಿಸಿದರು, ನೆನಪಾಗಲಿಲ್ಲ. ಹೆಗಲ ಮೇಲಿನ ಟವೆಲ್ಲು ತೆಗೆದು ತೊಡೆಯ ಮೇಲಿಟ್ಟು, ನೇರ ಕೊನೆಯ ನುಡಿಗೆ ಹಾರಿ ಅಂಕಿತ ಹಾಡಿಯೇಬಿಟ್ಟರು. ಅಂಕಿತ ಬಂದಾಗ ಟವೆಲ್ಲು ಹೆಗಲಿಂದ ಇಳಿಯಬೇಕು, ಅದು ಅವರ ಕಾಯಂ ರೂಢಿ. ಚಹಾದ ಹೊತ್ತಿಗೆ ಹತ್ತಿರ ಹೋಗಿ ಕೇಳಿದೆ.

“ಕಾಕಾ, ನಡುವ ಒಂದ್ ನುಡಿ ಬಿಟ್ರಲ್ಲಾ?”

“ನುಡಿ ಬಿಟ್ರ ಏನೂ ಅನ್ನಲ್ಲಪ್ಪಾ ಅಂವ. ಹೆಸರ ಬಿಟ್ರ ಕೇಳ್ತಾನ.”

“ಯಾರ್ರಿ?”

ಬಸಿಯಿಂದ ಚಹಾ ಎಳೆದು ನನ್ನ ಮುಖ ನೋಡಿದರು. “ಯಾರ್ದ್ ಹೆಸರದನೋ, ಅಂವ.”

ಈ ಅಂಕಣದ ನೆತ್ತಿಯ ಮೇಲೆ ನನ್ನದೇ ಹೆಸರು, ಪಕ್ಕದಲ್ಲಿ ಹತ್ತು ವರ್ಷದ ಹಿಂದಿನ ಫೋಟೋ. ಅವತ್ತು ಕಾಕಾನಿಗೆ ಅದನ್ನು ತೋರಿಸಲಿಲ್ಲ.

ಒಂದು ಗಂಟೆಯ ಮೇಲೆ ಕರೆಂಟು ಬಂತು. ಟ್ಯೂಬ್‌ಲೈಟು ಮಿಣುಕಿದ ಸದ್ದಿಗೆ ಮನೆಯಾಕೆಗೆ ಎಚ್ಚರವಾಯಿತು.

“ಮುಗೀತೇನ್ರಿ ಲೆಕ್ಕಾ?”

“ಒಂದ್ ಗುರು ಬಾಕಿ ಅದ,” ಎಂದೆ.